ಕಾವಿಗೆ ಕೂತ ಗಂಡುಹಕ್ಕಿ

ಬೀದಿಯವರ ಬಾಯಲ್ಲಿ ಅವಳು ಹೊಲಿಗೆಯಕ್ಕ. ಅಂಗಡಿ ಅವಳದು; ಮನೆ, ಮಕ್ಕಳು ಗಂಡನ ಪಾಲು. ಗಂಡನ ಅಣ್ಣನಿಗೆ ಇದು ಗಂಟಲಲ್ಲಿ ಇಳಿಯದ ತುತ್ತು. ಬಂದಾಗಲೆಲ್ಲ, "ಏನಮ್ಮಾ, ಅಡುಗೆ ಆಯ್ತಾ?" ಎಂದು ತಮ್ಮನನ್ನು ಕಿಚಾಯಿಸುತ್ತಿದ್ದ.

ಅಂಗಡಿಯ ಹಿಂದಿನ ಖಾಲಿ ಸೈಟಿನ ಹುಲ್ಲಿನಲ್ಲಿ ಹಕ್ಕಿಗಳ ಜೋಡಿಯೊಂದು ಗೂಡು ಮಾಡಿತ್ತು. ನೋಡಲು ಲಾವಕ್ಕಿಯಂತೆಯೇ ಗುಂಡಗೆ, ಸದಾ ನೆಲದ ಮೇಲೆಯೇ ಓಡಾಟ. ಆದರೆ ಕೆಸರಿನಲ್ಲಿ ಮೂಡಿದ ಹೆಜ್ಜೆಗೆ ಮೂರೇ ಬೆರಳು; ಲಾವಕ್ಕಿಗಿರುವ ಹಿಂಬೆರಳೇ ಇಲ್ಲ. ಇದು ಬೇರೆಯೇ ಜಾತಿ ಎಂದು ಅವಳಿಗೆ ಖಾತ್ರಿಯಾಯಿತು. ಕಪ್ಪು ಗಂಟಲಿನ ದೊಡ್ಡದು ಗುಡುಗಿದಂತೆ ಕೂಗುತ್ತಿತ್ತು. ಸಪ್ಪೆ ಬಣ್ಣದ ಚಿಕ್ಕದು ಮೊಟ್ಟೆಗಳ ಮೇಲೆ ಕೂತಿರುತ್ತಿತ್ತು.

ಒಂದು ದಿನ ಭಾವ ಕಿಟಕಿಯಲ್ಲಿ ಇಣುಕಿ, "ಕೂಗೋದು ಗಂಡು, ಕೂತಿರೋದು ಹೆಣ್ಣು. ಅದಲ್ವಾ ಲಕ್ಷಣ!" ಎಂದ.

ಅಷ್ಟರಲ್ಲಿ ಚಿಕ್ಕದು ಎದ್ದು ದಾರಿಬಿಟ್ಟಿತು. ದೊಡ್ಡದು ಬಂದು ಗೂಡಿನಲ್ಲಿ ಕೂತು, ಸ್ವಲ್ಪ ಹೊತ್ತಿಗೆ ಮೈ ಕೊಡವಿ ಹೊರಟಿತು. ಅಲ್ಲಿ ಹೊಸದೊಂದು ಮೊಟ್ಟೆ ಹೊಳೆಯುತ್ತಿತ್ತು! ಚಿಕ್ಕದು ಓಡಿಬಂದು ಮತ್ತೆ ಕಾವಿಗೆ ಕೂತಿತು.

"ನೋಡಿದ್ರಾ ಭಾವ! ಮೊಟ್ಟೆ ಇಟ್ಟೋಳು ಯಾರು, ಕಾವು ಕೊಡೋನು ಯಾರು?" ಅವಳ ಕೂಗಿಗೆ ಬೀದಿಯೇ ತಿರುಗಿ ನೋಡಿತು. ಭಾವ ಮೊದಲು ಪೆಚ್ಚಾದ, ಆಮೇಲೆ ನಕ್ಕುಬಿಟ್ಟ.

ಮರಿಗಳು ಹೊರಬಂದಾಗ ತಮ್ಮನ ಹೆಗಲ ಮೇಲೆ ಕೈಹಾಕಿಕೊಂಡು ಕಿಟಕಿಗೆ ಬಂದವನೂ ಅವನೇ. ಹೆಬ್ಬೆರಳಿನಷ್ಟು ಮರಿಗಳು ಅಪ್ಪನ ಹಿಂದೆ ಓಡುತ್ತಿದ್ದವು.

"ಇವುಗಳ ತಾಯಿ ಎಲ್ಲಿಗೆ ಹೋಯ್ತಮ್ಮಾ?" ಎಂದು ಅವಳನ್ನು ಕೇಳಿದ.

"ಅದು ಆಗಲೇ ಇನ್ನೊಬ್ಬನನ್ನ ಹುಡುಕ್ಕೊಂಡು ಹೋಯ್ತು ಭಾವ."

"ಅದೊಂದು ಮಾತ್ರ ಕಲೀಬೇಡ ಕಣೇ!" ಎಂದ ಗಂಡ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.