ಮಾದಣ್ಣನ ಬೈಗುಳ

ಧ್ವನಿಮುದ್ರಣ ನನ್ನ ಕಸುಬು. ಬೇಗೂರಿನ ತಂಬೂರಿ ಪದಗಾರ ಮಾದಣ್ಣ ತೀರಿಕೊಂಡ ಮೇಲೆ, ಅವರ ನೆನಪಿಗೆ ಊರವರೆಲ್ಲ ಸೇರಿ ಪದ ಹಾಡುವ ದಿನ, ನಾನು ಹಿಂದೆ ಮಾಡಿಕೊಂಡಿದ್ದ ಅವರದೇ ರೆಕಾರ್ಡಿಂಗ್ ಹಾಕಿದೆ. ಪದದ ನಡುವೆ ಅವರು ಜನರನ್ನು ಬೈದದ್ದನ್ನೆಲ್ಲ ಕತ್ತರಿಸಿ ಚೊಕ್ಕ ಮಾಡಿದ್ದೆ.

ಮಾದಣ್ಣನ ಹೆಂಡತಿ ಅರ್ಧಕ್ಕೇ ಎದ್ದರು. "ಬಯ್ಯದೆಲ್ಲೋಯ್ತು?"

"ಅದು ಪದ ಅಲ್ವಲ್ಲಮ್ಮ."

"ಪದವ ಯಾರ್ ಬೇಕಾದ್ರೂ ಯೋಳ್ತಾರೆ ಕಣಪ್ಪ. ಬೈದು ಕೂರುಸ್ಕಂಡು ಕೇಳುಸ್ತಿದ್ದೋರು ನಮ್ಮೆಜಮಾನ್ರೊಬ್ರೆಯ!"

ಕತ್ತರಿಸದ ಮೂಲವನ್ನೇ ಹಾಕಿದೆ. ತಂಬೂರಿ ತಟಕ್ಕನೆ ನಿಂತಿತು. "ಯಾವನ್ಲಾ ಅವ ಬೀಡಿ ಸೇದೋನು? ಆರುಸ್ಲಾ!" ಎಂದು ಮಾದಣ್ಣ ಸ್ಪೀಕರಿನಿಂದ ಗುಡುಗಿದರು.

ಹಿಂದೆ ಕೂತಿದ್ದ ಮುದುಕರೊಬ್ಬರು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, ನೆಟ್ಟಗೆ ಕೂತರು. ಜೀವಮಾನದಲ್ಲಿ ಬೀಡಿ ಮುಟ್ಟದ ನಾನೂ ಜೇಬು ತಡವಿಕೊಂಡೆ.