ಚಪ್ಪಾಳೆ ತಟ್ಟಿದ ಡ್ರೈವರ್

ಅರ್ಧ ಆಯುಷ್ಯ ಬಸ್ಸಿನ ಸ್ಟೇರಿಂಗ್ ಹಿಂದೆ ಕಳೆದವನಿಗೆ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಅಡ್ಡ ಬಂದದ್ದು ಎಮ್ಮೆಯಿರಲಿ, ಮಂತ್ರಿಯ ಕಾರಿರಲಿ, ಹಾರ್ನ್ ಒಂದೇ. ಹಾರ್ನ್ ಕೆಟ್ಟ ದಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಬಸ್ಸಿನ ಮೈಗೆ ಪಟಪಟನೆ ಬಡಿಯುತ್ತಿದ್ದ. ಡಿಪೋದವರು ಅವನನ್ನು ‘ಪೋಂಪೋಂ ಅಣ್ಣ’ ಎಂದೇ ಕರೆಯುತ್ತಿದ್ದರು. ಮುಷ್ಕರದಲ್ಲಿ ಲಾಠಿ ಬಿದ್ದಾಗಲೂ ತಲೆ ತಗ್ಗಿಸಿದವನಲ್ಲ. ತಗ್ಗಿಸಿದ್ದು ನಿವೃತ್ತಿಯಾದ ಮೇಲೆ, ಹಿಡಿಗಾತ್ರದ ಒಂದು ಹಕ್ಕಿಯ ಮುಂದೆ.

ಹಕ್ಕಿಯ ಹುಚ್ಚು ಅವನದಲ್ಲ, ಹೆಂಡತಿಯದು. ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಪಾಳಿ ಮುಗಿಸಿ ಬರುವ ನಸುಕಿನಲ್ಲಿ ಹಕ್ಕಿಗಳ ಕೂಗು ಕೇಳಿ ಕೇಳಿ ಅಂಟಿಸಿಕೊಂಡದ್ದು. ದೂರದ ಒಂದು ದ್ವೀಪದ ಕಲ್ಲುದಂಡೆಯಲ್ಲಿ ಮೊಟ್ಟೆಯಿಡುವ ಪುಟ್ಟ ಹಕ್ಕಿಯೊಂದನ್ನು, ಅದರ ಕೊರಳಿನ ಕರಿಪಟ್ಟಿಯನ್ನು, ಕಣ್ತುಂಬ ನೋಡಬೇಕೆಂಬ ಆಸೆಗೇ ಇಬ್ಬರೂ ಅಲ್ಲಿಗೆ ಬಂದಿದ್ದರು. ಅತಿಥಿಗೃಹದ ಯಜಮಾನಿ ದಾರಿ ತೋರಿಸುವಾಗಲೇ ಹೇಳಿದ್ದಳು: "ಹಗ್ಗ ಕಟ್ಟಿದೀನಲ್ಲ, ಅದರ ಈಚೆನೇ ಇರಿ. ಸದ್ದು ಮಾಡ್ಬೇಡಿ. ಹೆದರಿ ಎದ್ದುಹೋದ್ರೆ ಮೊಟ್ಟೆ ತಣ್ಣಗಾಗುತ್ತೆ." ಅವನು ಬೂಟಿನ ಲೇಸು ಕಟ್ಟುತ್ತಿದ್ದ. ಕೇಳಿಸಿತ್ತು, ಕಿವಿಗೆ ಹಾಕಿಕೊಂಡಿರಲಿಲ್ಲ.

ಜಿಟಿಜಿಟಿ ಮಳೆ. ಹಗ್ಗದ ಈಚೆ ಒಂದೇ ಕೊಡೆಯಡಿ ಇಬ್ಬರೂ ಕುಕ್ಕರಗಾಲಲ್ಲಿ ಕೂತಿದ್ದರು. ಹಕ್ಕಿ ಕಲ್ಲುಗಳ ನಡುವೆ ಬೆನ್ನು ತಿರುಗಿಸಿ ಕೂತುಬಿಟ್ಟಿತ್ತು.

"ಇದೇನೇ, ಸಿಟ್ಟು ಮಾಡ್ಕೊಂಡ ಬೀಗ್ತಿ ಥರ ಕೂತಿದೆ."

"ಸುಮ್ನಿರಿ. ತಿರುಗುತ್ತೆ."

"ಯಾವಾಗ? ನನ್ನ ಮಂಡಿ ಸತ್ತು ತಿಥಿ ಆದ್ಮೇಲಾ?"

"ರೀ, ಬಾಯಿಗೆ ಬ್ರೇಕ್ ಹಾಕಿ."

ಬಾಯಿಗೆ ಹಾಕಿದ. ಕೈಗೆ ಹಾಕಲಿಲ್ಲ. ಅವಳ ಕಣ್ಣಿಗೆ ಆ ಕೊರಳು ಕಾಣಿಸಿಬಿಡಲಿ ಎಂಬ ಆತುರದಲ್ಲಿ ಟಪಟಪ ಎಂದು ಎರಡು ಚಪ್ಪಾಳೆ ತಟ್ಟಿಬಿಟ್ಟ.

ಹಕ್ಕಿ ತಿರುಗಲಿಲ್ಲ, ಹಾರಿತು. ಅದು ಕೂತಿದ್ದ ಜಾಗದಲ್ಲಿ ಬೆಣಚುಕಲ್ಲಿನಂಥ ಮಚ್ಚೆಮಚ್ಚೆ ಮೊಟ್ಟೆಗಳು ಬೋಳಾಗಿ ಬಿದ್ದಿದ್ದವು. ಮಳೆ ನೇರ ಅವುಗಳ ಮೇಲೆ. ಅವನು ಕೊಡೆ ಕಿತ್ತುಕೊಂಡು ಹಗ್ಗ ದಾಟಲು ಹೊರಟ. ಅವಳು ಅಂಗಿಯ ಚುಂಗು ಹಿಡಿದು ಜಗ್ಗಿದಳು.

"ಇನ್ನೊಂದು ಉಪಕಾರ ಮಾಡ್ಬೇಡಿ. ನಾವು ಇಲ್ಲಿಂದ ತೊಲಗಿದ್ರೆ ಸಾಕು, ಅದು ಬರುತ್ತೆ."

ಬರುತ್ತದೋ ಇಲ್ಲವೋ ನೋಡಲೂ ಆಗಲಿಲ್ಲ. ದೂರ ಹೋಗಿ ನಿಂತರೆ ಮಳೆ ಪರದೆ ಎಳೆದಿತ್ತು. ದಾರಿಯುದ್ದಕ್ಕೂ ಅವಳು ಮುಂದೆ, ಅವನು ಹಿಂದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅತಿಥಿಗೃಹದ ಜಗಲಿಯಲ್ಲಿ ಯಜಮಾನಿ ಟವೆಲ್ ಕೊಡುತ್ತ ಕೇಳಿದಳು: "ಸಿಕ್ತಾ ದರ್ಶನ?"

"ಮಳೆಯಲ್ಲಿ ಏನೂ ಕಾಣಿಸ್ಲಿಲ್ಲ ಕಣಮ್ಮ," ಎಂದಳು ಹೆಂಡತಿ, ತಲೆ ಒರೆಸಿಕೊಳ್ಳುತ್ತ.

ರೋಗಿಯ ಜ್ವರವನ್ನು ಕೂಡ ಒಂದು ಕೂದಲು ಹೆಚ್ಚುಕಮ್ಮಿ ಹೇಳದವಳು. ಗಂಡನ ಮಾನ ಉಳಿಸಲು ಈ ವಯಸ್ಸಿನಲ್ಲಿ ಸುಳ್ಳು ಹೇಳುತ್ತಿದ್ದಾಳೆ. ಅವನ ಕಿವಿ ಕಾದವು.

"ಕಾಣಿಸ್ತು ತಾಯಿ. ನಾನೇ ಚಪ್ಪಾಳೆ ತಟ್ಟಿ ಎಬ್ಬಿಸ್ದೆ."

ಯಜಮಾನಿ ಅವನ ಮುಖವನ್ನೊಮ್ಮೆ, ಕೈಗಳನ್ನೊಮ್ಮೆ ನೋಡಿದಳು. ರೇನ್‌ಕೋಟ್ ತೊಟ್ಟು ಹೊರಟೇಬಿಟ್ಟಳು. ಅವಳು ಬರುವವರೆಗೆ ಅವನು ಜಗಲಿ ಬಿಟ್ಟು ಕದಲಲಿಲ್ಲ. ಒದ್ದೆ ಪ್ಯಾಂಟು ಕಾಲಿಗೆ ಅಂಟಿಕೊಂಡು ನಡುಕ ಹತ್ತಿತ್ತು.

"ಬಂದು ಕೂತಿದೆ," ಎಂದಳು ಮರಳಿ ಬಂದವಳು. "ಮೊಟ್ಟೆ ಒಡೆದು ಮರಿ ಬರುತ್ತೋ ಕೊಳೆಯುತ್ತೋ ಈಗ್ಲೇ ಹೇಳಕ್ಕಾಗಲ್ಲ. ಮರಿ ಆಗೋವರೆಗೂ ಆ ಕಡೆ ಯಾರೂ ಹೋಗೋ ಹಾಗಿಲ್ಲ. ನೀವೂ ಇಲ್ಲ, ಅಕ್ಕನೂ ಇಲ್ಲ."

ಅಕ್ಕನೂ ಇಲ್ಲ. ಅದು ಅವನಿಗೆ ಹೊಳೆದೇ ಇರಲಿಲ್ಲ.

ಕೋಣೆಯಲ್ಲಿ ಹೆಂಡತಿ ದುರ್ಬೀನಿನ ಗಾಜು ಒರೆಸುತ್ತ ಕೂತಿದ್ದಳು.

"ನಾನು ಹೇಳಬಾರದಿತ್ತೇನೇ?"

"ಹೇಳಿದ್ದು ಸರಿನೇ. ನಾನೂ ಹೇಳ್ಬೇಕಿತ್ತು." ಅವಳು ತಲೆ ಎತ್ತಲಿಲ್ಲ. "ಆದ್ರೆ ತಟ್ಟೋವಾಗ್ಲೂ ನನ್ನನ್ನ ಕೇಳ್ಲಿಲ್ಲ, ಒಪ್ಕೊಳ್ಳೋವಾಗ್ಲೂ ಕೇಳ್ಲಿಲ್ಲ. ಜೀವಮಾನ ಇಡೀ ನಾನು ಹಿಂದಿನ ಸೀಟಿನ ಪ್ಯಾಸೆಂಜರೇ."

ಅವಳು ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು, ಅಂಗಳದ ಒದ್ದೆ ಬೇಲಿಯ ಮೇಲೆ ಬಂದು ಕೂತ ಯಾವುದೋ ಬೂದು ಹಕ್ಕಿಗೆ ದುರ್ಬೀನು ಹಿಡಿದಳು. ಅದು ಯಾವುದೆಂದು ಅವನಿಗೆ ಹೇಳಲಿಲ್ಲ. ಮಳೆಯಲ್ಲಿ ನೆನೆದದ್ದಕ್ಕೆ ಅವನಿಗೆ ಕೆಮ್ಮು ಒತ್ತರಿಸಿ ಬರುತ್ತಿತ್ತು. ಬೇಲಿಯ ಹಕ್ಕಿಯನ್ನೊಮ್ಮೆ ನೋಡಿ, ತುದಿಗಾಲಲ್ಲಿ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಟವೆಲನ್ನು ಬಾಯಿಗೆ ಒತ್ತಿ ಹಿಡಿದು ಕೆಮ್ಮಿದ.