ಬಾಣಂತಿಗಿಟ್ಟ ಬಿಳಿ ಅನ್ನ

ಮಗಳ ಬಾಣಂತನ ನಮ್ಮ ಮನೆಯಲ್ಲೇ ನಡೆದಿದೆ. ಮೊನ್ನೆ ಮೊಮ್ಮಗುವನ್ನು ನೋಡಲು ಬಂದ ಬೀಗತಿ ತಾವೇ ಅನ್ನಕ್ಕಿಟ್ಟು, ಗಂಜಿ ಬಸಿದು ಬಚ್ಚಲಿಗೆ ಚೆಲ್ಲಿದರು. ಬಿಸಿ ಗಂಜಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಳಕಲ್ಲಿನ ಪಕ್ಕದ ಮನೆಯ ಆಯಿ ನೆನಪಾದಳು...

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಆ ನೇಕಾರರ ಓಣಿಗೆ ಸೊಸೆಯಾಗಿ ಬಂದ ಹೊಸತು. ಆಯಿಯ ನಾಲಿಗೆ ಚುರುಕು. "ಏನವಾ, ರೊಟ್ಟಿ ಸುಟ್ಟೀಯೋ, ಗಂಡನ ಮ್ಯಾಲಿನ ಸಿಟ್ಟು ತೀರಿಸೀಯೋ?" ಎಂದು ಕಾಡಿಸುತ್ತಲೇ ರೊಟ್ಟಿ ಬಡಿಯುವುದನ್ನು ಕಲಿಸಿಕೊಟ್ಟವಳು ಅವಳೇ.

ಅವರ ಮನೆಯಲ್ಲಿ ಎಲ್ಲರಿಗೂ ಜೋಳದ ರೊಟ್ಟಿ, ನವಣಕ್ಕಿ, ಕೈಯಿಂದ ಕುಟ್ಟಿದ ಕೆಂಪಕ್ಕಿ. ಹೆರಿಗೆಗೆ ಬಂದ ಮಗಳಿಗೆ ಮಾತ್ರ ಪೇಟೆಯಿಂದ ತಂದ ಮಿಲ್ಲಿನ ಬಿಳಿ ಅಕ್ಕಿ. ನೀರು ತಿಳಿಯಾಗುವ ತನಕ ಅದನ್ನು ತೊಳೆದು, ಬೇಯಿಸಿ, ಗಂಜಿ ಚೆಲ್ಲಿ, ಮೇಲೆ ತುಪ್ಪ ಹಾಕಿ ಕೊಡುತ್ತಿದ್ದಳು. ಬೇಳೆಯಿಲ್ಲ, ಕಾಯಿಪಲ್ಲೆಯಿಲ್ಲ. "ಕೆಂಪಕ್ಕಿ ಬಾಣಂತಿಗಿ ಜಡ ಆಕ್ಕೈತಿ. ನನ್ನ ಮಗಳಿಗಿ ಇದ ಆಗಬೇಕು," ಎನ್ನುವಾಗ ಅವಳ ಮುಖದಲ್ಲಿ ಎಂಥ ಹೆಮ್ಮೆ!

ಅದು ಮಗಳ ಎರಡನೆಯ ಬಾಣಂತನ. ಮೊದಲ ಕೂಸು ಅದೇ ಕೋಣೆಯಲ್ಲಿ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಓಣಿಯವರು ದೃಷ್ಟಿಯಾಯಿತು ಎಂದಿದ್ದರು. ಹಾಗಾಗಿ ಈ ಸಲ ಆಯಿಯ ಪಥ್ಯ ಇನ್ನೂ ಬಿಗಿ. ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು, ಅಕ್ಕಿಗೆ ಮತ್ತೊಂದು ಸಲ ನೀರು.

ಒಂದು ಅಮಾವಾಸ್ಯೆ, ಮಗ್ಗಗಳಿಗೆ ಸೂಟಿ. ದಿನವಿಡೀ ಮಗ್ಗ ಬಡಿಯುವ ಓಣಿ ಅಂದು ತಣ್ಣಗಿತ್ತು. ಮೊಸರಿಗೆ ಹೆಪ್ಪು ಕೇಳಲು ಹೋದವಳು ತೊಟ್ಟಿಲಿಗೆ ಇಣುಕಿದೆ. ಕೂಸು ಅಳುತ್ತಿತ್ತು. ಬಾಯಿ ಅಗಲವಾಗಿ ತೆರೆದಿದೆ, ಕಣ್ಣೀರು ಇಳಿಯುತ್ತಿದೆ, ದನಿ ಮಾತ್ರ ಇಲ್ಲ. ನಾನು ಕೂಗಿದ್ದಕ್ಕೆ ಆಯಿ ಅನ್ನದ ತಾಟು ಹಿಡಿದೇ ಬಂದಳು. ನೋಡಿದವಳೇ ಗೋಡೆಗೆ ಆತುಕೊಂಡಳು.

"ಅದೂ ಹಿಂಗ ಮಾಡಿತ್ತವಾ... ಹೋಗೋಕಿಂತ ಮೊದಲ..."

ಸಿಕ್ಕ ಜೀಪು ಹತ್ತಿ ಬಾಗಲಕೋಟೆಯ ದವಾಖಾನೆಗೆ ಓಡಿದೆವು. ದಾರಿಯುದ್ದಕ್ಕೂ ಕೂಸಿನ ಪಕ್ಕೆ ಸೇದುತ್ತಿತ್ತು. ಡಾಕ್ಟರು ಕೂಸನ್ನು ನೋಡಿ, ತಾಯಿ ಏನು ಉಣ್ಣುತ್ತಾಳೆಂದು ಕೇಳಿದರು. ಆಯಿ ಹೇಳಿದಳು. ಅವರು ಕೂಡಲೇ ಜೀವಸತ್ವದ ಸೂಜಿ ಚುಚ್ಚಿದರು. ಮರುದಿನ ಕೂಸಿನ ಗಂಟಲಿನಿಂದ ಸಣ್ಣ, ಒಡಕು ಅಳು ಹೊರಟಿತು. ಅದನ್ನು ಕೇಳಿ ನಾನು ಅತ್ತೇಬಿಟ್ಟೆ.

"ಅಕ್ಕಿಯ ಕಸುವು ತೌಡಿನ್ಯಾಗ ಇರತೈತ್ರಿ. ಮಿಲ್ಲಿನ್ಯಾಗ ತೌಡು ಹೋತು, ಉಳಿದದ್ದನ್ನ ನೀವು ತೊಳದು, ಗಂಜಿ ಕೂಡ ಚೆಲ್ಲಿದ್ರಿ. ತಾಯಿಗೇ ಇಲ್ಲದ್ದು ಹಾಲಿನ್ಯಾಗ ಎಲ್ಲಿಂದ ಬರಬೇಕು? ನೀವು ಉಣ್ಣೋ ರೊಟ್ಟಿ, ಬ್ಯಾಳಿ, ಕೆಂಪಕ್ಕಿ ಆಕಿಗೂ ಹಾಕ್ರಿ," ಎಂದರು ಡಾಕ್ಟರು.

ನಾವೆಲ್ಲ ತಲೆಯಾಡಿಸಿದೆವು. ಆಯಿ ಮಾತ್ರ ಕೇಳಿದಳು: "ಹಂಗಾದ್ರ... ಮೊದಲನೇದು?"

ಡಾಕ್ಟರು ಕೂಸಿನ ಕೈ ಹಿಡಿದು ನಾಡಿ ನೋಡತೊಡಗಿದರು.

ಕೂಸು ಉಳಿಯಿತು, ಬೆಳೆಯಿತು. ಆಯಿ ಮತ್ತೆಂದೂ ಬಿಳಿ ಅನ್ನ ಮುಟ್ಟಲಿಲ್ಲ. ಮದುವೆಯ ಪಂಕ್ತಿಯಲ್ಲಿ ಅನ್ನ ಬಂದರೆ "ನನಗ ಸೇರಂಗಿಲ್ಲವಾ" ಎಂದು ಏಳುತ್ತಿದ್ದಳು. ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದನ್ನೇ ಮಗಳಿಗೆ ಕೊಟ್ಟಿದ್ದಳಲ್ಲ... ಈಗ ಅವಳೂ ಇಲ್ಲ.

ನಾನು ಬೀಗತಿಯ ಕೈ ಹಿಡಿದೆ. "ಇನ್ನ ಮ್ಯಾಲೆ ಗಂಜಿ ಚೆಲ್ಲಬ್ಯಾಡ್ರಿ."

"ಅಯ್ಯ, ಬಾಣಂತಿಗಿ ಬಿಳಿ ಅನ್ನನ ಚಲೋ ಅಲ್ಲೇನ್ರಿ?"

ಅಷ್ಟರಲ್ಲಿ ಒಳಗೆ ತೊಟ್ಟಿಲು ಅಲುಗಿತು. ಕೂಸು ಎದ್ದಿರಬೇಕು. ಮಾತು ಬಿಟ್ಟು ಬಾಗಿಲಿಗೆ ಹೋಗಿ, ಅದರ ಅಳು ಕೇಳಿಸುವ ತನಕ ಉಸಿರು ಹಿಡಿದು ನಿಂತೆ.